ಕೀಮೋ ಮುಗಿದ ಮೇಲೆ ಮ್ಯಾರಥಾನ್: ಅರ್ಧಕ್ಕೆ ನಿಂತರೆ ದುಡ್ಡು ಕೊಟ್ಟವರಿಗೆ ಏನು ಹೇಳಲಿ?

ಪ್ರಶ್ನೆ

ನನಗೆ 46 ವರ್ಷ. ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು 14 ತಿಂಗಳಾಯಿತು. ಆಗ ಹಾಸಿಗೆಯಿಂದ ಬಾಗಿಲ ತನಕ ನಡೆದರೆ ಗೋಡೆ ಹಿಡಿದು ನಿಲ್ಲಬೇಕಿತ್ತು. ಈಗ ನಡುನಡುವೆ ನಡೆದುಕೊಂಡು 10 ಕಿ.ಮೀ. ಓಡುತ್ತೇನೆ. ಕ್ಯಾನ್ಸರ್ ಆದ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸುವ ಮ್ಯಾರಥಾನಿಗೆ ಹೆಸರು ಕೊಟ್ಟಿದ್ದೇನೆ. ಪೂರ್ತಿ 42.195 ಕಿ.ಮೀ. ಇನ್ನು ಏಳು ತಿಂಗಳಿದೆ.

ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ ತಗೊಂಡಾಗಿನಿಂದ ಕಾಲ್ಬೆರಳು ಜೋಮು ಹಿಡಿದ ಹಾಗೇ ಇದೆ. ಮೊನ್ನೆ ಓಡಿ ಬಂದು ಸಾಕ್ಸ್ ಬಿಚ್ಚಿದರೆ ರಕ್ತ. ಕಿರುಬೆರಳ ಪಕ್ಕ ಬೊಬ್ಬೆ ಒಡೆದಿತ್ತು. ನೋವೇ ಆಗಿರಲಿಲ್ಲ, ಅದೇ ಹೆದರಿಕೆ ತಂದಿತು.

ಇನ್ನೊಂದು ಮಾತು ಇದಕ್ಕಿಂತ ಜಾಸ್ತಿ ಕಾಡುತ್ತಿದೆ. ಕೀಮೋ ದಿನ ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಅಜ್ಜಿ ಕೂರುತ್ತಿದ್ದರು. ನನಗೆ ಸೂಜಿ ಚುಚ್ಚುವಾಗ ಇನ್ನೊಂದು ಕೈ ಹಿಡಿದುಕೊಳ್ಳುತ್ತಿದ್ದರು. ಅವರು ಈಗಿಲ್ಲ. ಅವರ ಮಗ ದುಡ್ಡು ಕಳಿಸಿ, ‘ಅಮ್ಮನಿಗೋಸ್ಕರ ಓಡಿ’ ಎಂದು ಬರೆದಿದ್ದಾರೆ. ಅರ್ಧಕ್ಕೆ ನಿಂತುಬಿಟ್ಟರೆ?

ಉತ್ತರ 1

ಅಕ್ಕಾ, ನನಗೆ ಕರುಳಿನ ಕ್ಯಾನ್ಸರ್ ಆಗಿತ್ತು. ಕೀಮೋ ಔಷಧಿ ಆಕ್ಸಾಲಿಪ್ಲಾಟಿನ್‌ನಿಂದ ಇದೇ ಜೋಮು. ಆಮೇಲೆ ಹಾಫ್ ಮ್ಯಾರಥಾನ್ ಓಡಿದೆ. ಕಾಲಿಗೆ ಗೊತ್ತಾಗದ್ದನ್ನು ಕಣ್ಣಲ್ಲೇ ನೋಡಬೇಕು. ಓಡಿ ಬಂದ ತಕ್ಷಣ ಕನ್ನಡಿ ನೆಲದ ಮೇಲಿಟ್ಟು ಪಾದದ ಅಡಿ, ಹಿಮ್ಮಡಿ, ಬೆರಳ ಸಂದಿ ನೋಡಿ. ಶೂ ಹಾಕುವ ಮೊದಲು ಒಳಗೆ ಕೈಯಿಟ್ಟು ತಡವಿ. ಕತ್ತಲಲ್ಲಿ, ಹಳ್ಳದಿಣ್ಣೆಯಲ್ಲಿ ಬೇಡ, ಕಾಲು ಉಳುಕುತ್ತದೆ. ಈ ಗಾಯ ಮಾಯುವ ತನಕ ಓಡಲೇಬೇಡಿ.

ಉತ್ತರ 2

ನಾನು ಫಿಸಿಯೋಥೆರಪಿಸ್ಟ್. ನಿಮಗೆ ಡಾಕ್ಸೊರುಬಿಸಿನ್ ಕೊಟ್ಟಿದ್ದರಾ? ಕೆಂಪು ಬಣ್ಣದ ಔಷಧಿ. ಅದು ಕೆಲವರಲ್ಲಿ ವರ್ಷಗಳಾದ ಮೇಲೂ ಹೃದಯದ ಬಲ ಕುಗ್ಗಿಸುತ್ತದೆ. ದೂರ ಹೆಚ್ಚಿಸುವ ಮೊದಲು ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕಾ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ಹಿಮೋಗ್ಲೋಬಿನ್ ಕೂಡ ನೋಡಿಸಿ. ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಕೈ ಮೇಲೆ ಕಣ್ಣಿರಲಿ. ಉಂಗುರ, ಬಳೆ ಬಿಗಿಯಾದರೆ ಕೈ ಊದುತ್ತಿದೆ ಎಂದರ್ಥ, ಸುಮ್ನೆ ಬಿಡಬೇಡಿ.

ಉತ್ತರ 3

ದುಡ್ಡಿನ ಮಾತಿಗೆ ನನ್ನ ಉತ್ತರ. ಕೆನಡಾದ ಟೆರ್ರಿ ಫಾಕ್ಸ್ ಗೊತ್ತಲ್ವಾ? ಮೂಳೆ ಕ್ಯಾನ್ಸರಿನಿಂದ ಬಲಗಾಲು ಹೋಗಿತ್ತು. 1980ರಲ್ಲಿ ಕೃತಕ ಕಾಲಿನಲ್ಲಿ ದೇಶದ ಈ ತುದಿಯಿಂದ ಆ ತುದಿಗೆ ಓಡಲು ಹೊರಟ. ಕೆನಡಾದ ಒಬ್ಬೊಬ್ಬರಿಂದ ಒಂದೊಂದು ಡಾಲರ್, ಕ್ಯಾನ್ಸರ್ ಸಂಶೋಧನೆಗೆ, ಅದು ಅವನ ಆಸೆ. 143 ದಿನ, 5,373 ಕಿ.ಮೀ. ಆದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿ ದಾರಿಯಲ್ಲೇ ನಿಂತ. 1981ರ ಫೆಬ್ರವರಿ ಹೊತ್ತಿಗೆ 2.4 ಕೋಟಿ ಡಾಲರ್ ದಾಟಿತ್ತು. ಅವನು ನಿಂತ ಮೇಲೂ ಜನ ಕೊಟ್ಟರು. ಯಾರೂ ವಾಪಸ್ ಕೇಳಲಿಲ್ಲ.

ನ್ಯೂಯಾರ್ಕ್ ಮ್ಯಾರಥಾನ್ ಕಟ್ಟಿ ಬೆಳೆಸಿದ ಫ್ರೆಡ್ ಲೆಬೋ, ಮಿದುಳಿನ ಕ್ಯಾನ್ಸರ್ ಆದ ಮೇಲೆ 1992ರಲ್ಲಿ ಅದನ್ನು ಓಡಿದರು. ಐದೂವರೆ ಗಂಟೆ ಹಿಡಿಯಿತು. ಒಂಬತ್ತು ಸಲ ಗೆದ್ದಿದ್ದ ಗ್ರೇಟೆ ವೈಟ್ಸ್ ಅಷ್ಟೂ ಹೊತ್ತು ಅವರ ಪಕ್ಕದಲ್ಲೇ ಓಡಿದರು. ನೀವೂ ಜೊತೆಗೆ ಒಬ್ಬರನ್ನು ಕರೆದುಕೊಳ್ಳಿ ಅಕ್ಕಾ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಕೆಂಪು ಔಷಧಿ ನಾಲ್ಕು ಸಲ ಹಾಕಿದ್ದರು. ಎಕೋ ಬಗ್ಗೆ ಕೇಳಲು ಸೋಮವಾರ ಹೋಗುತ್ತೇನೆ. ಕನ್ನಡಿ ಇವತ್ತಿನಿಂದಲೇ ಶುರು, ಗಾಯ ಇನ್ನೂ ಹಸಿ ಇದೆ.

ಅಜ್ಜಿಯ ಮಗನಿಗೆ ಬರೆದೆ. ಪೂರ್ತಿ ಓಡುತ್ತೇನೆ ಎಂದು ಮಾತು ಕೊಡಲಾರೆ, ಕಾಲು ನಡೆಸಿದಷ್ಟು ಹೋಗುತ್ತೇನೆ ಎಂದೆ. ಅವರು ಕೇಳಿದ್ದು ಒಂದೇ: ಅಮ್ಮನ ಹೆಸರು ನಿಮ್ಮ ಅಂಗಿಯ ಬೆನ್ನ ಮೇಲೆ ಬರೆಸಬಹುದಾ?

ಬರೆಸುತ್ತೇನೆ ಎಂದೆ.