ಪದಚರ್ಚೆ: ‘ಸೆಗ್ರಿಗೇಷನ್’ ಕಾಲದ ಶಾಲೆಗೆ ಕನ್ನಡದಲ್ಲಿ ಏನೆನ್ನಬೇಕು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಅಮೆರಿಕದ ದಕ್ಷಿಣ ರಾಜ್ಯಗಳ, ಅದರಲ್ಲೂ ವರ್ಜೀನಿಯಾದ, ಎಪ್ಪತ್ತು ಎಂಬತ್ತು ದಾಟಿದ ಹಿರಿಯರು ತಮ್ಮ ಊರಿನ ಹಳೆಯ ಶಾಲೆಗಳ ಬಗ್ಗೆ ಹೇಳಿಕೊಂಡ ನೆನಪುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಟ್ಟಿಗೆ ಕಲಿತವರು ಎಷ್ಟೋ ವರ್ಷಗಳ ಮೇಲೆ ಒಂದೆಡೆ ಕಲೆತು ತಮ್ಮ ಉಪಾಧ್ಯಾಯರನ್ನು, ಶಾಲೆಯ ಬಸ್ಸನ್ನು, ಹರಿದ ಪಠ್ಯಪುಸ್ತಕಗಳನ್ನು, ಆಟದ ಮೈದಾನವನ್ನು ನೆನೆದು ಆಡಿದ ಮಾತುಗಳು ಇವು. ವಾಕ್ಯಗಳು ಸರಳವಾಗಿವೆ. ಆದರೆ ಬಿಳಿಯರನ್ನೂ ಕಪ್ಪು ಜನರನ್ನೂ ಕಾನೂನಿನಿಂದಲೇ ಬೇರೆಬೇರೆ ಇಟ್ಟ ಏರ್ಪಾಡಿಗೆ ಇಂಗ್ಲಿಷಿನಲ್ಲಿರುವ ‘ಸೆಗ್ರಿಗೇಷನ್’ ಎಂಬ ಒಂದು ಪದ ಬಂದಲ್ಲೆಲ್ಲ ಕೈ ನಿಲ್ಲುತ್ತದೆ. ಅದರ ಬೆನ್ನಿಗೇ ಇನ್ನೂ ಕೆಲವು ಪದಗಳು ತೊಡಕಾಗಿವೆ. ನಿಮ್ಮ ಅಭಿಪ್ರಾಯ ಬೇಕು.

ನಮ್ಮ ಪತ್ರಿಕೆಗಳಲ್ಲಿ ಇದಕ್ಕೆ ಸಿದ್ಧವಾಗಿ ಸಿಗುವ ಪದ ‘ವರ್ಣಭೇದ ನೀತಿ’. ಆದರೆ ಅದು ದಕ್ಷಿಣ ಆಫ್ರಿಕಾದ ‘ಅಪಾರ್ಥೈಡ್’ಗೆ ಮೀಸಲಾದಂತೆ ಬಳಕೆಯಾಗಿ ಹೋಗಿದೆ. ಬಣ್ಣದ ಕಾರಣಕ್ಕೆ ಮಾಡುವ ಯಾವ ಅವಮಾನಕ್ಕಾದರೂ, ಕ್ರಿಕೆಟ್ ಮೈದಾನದಲ್ಲಿ ಪ್ರೇಕ್ಷಕನೊಬ್ಬ ಕೂಗುವ ಕೀಳು ಮಾತಿಗೂ, ‘ವರ್ಣಭೇದ’ ಎಂದೇ ಬರೆಯುತ್ತೇವೆ. ಅದು ಮನಸ್ಸಿನಲ್ಲಿರುವ ಕೇಡಿಗೆ ಹೆಸರು. ಈ ಹಿರಿಯರು ಹೇಳುತ್ತಿರುವುದು ಕಾನೂನು ಕಟ್ಟಿದ ಏರ್ಪಾಡನ್ನು. ವರ್ಜೀನಿಯಾದ 1902ರ ಸಂವಿಧಾನದ 140ನೆಯ ವಿಧಿ ಒಂದೇ ಒಂದು ವಾಕ್ಯದ್ದು. ನಮ್ಮ ಕಾಯ್ದೆಗಳ ಭಾಷೆಯಲ್ಲಿ ಹೇಳುವುದಾದರೆ, ‘ಬಿಳಿಯ ಮತ್ತು ಕಲರ್ಡ್ ಮಕ್ಕಳಿಗೆ ಒಂದೇ ಶಾಲೆಯಲ್ಲಿ ಕಲಿಸತಕ್ಕದ್ದಲ್ಲ.’ (‘ಕಲರ್ಡ್’ ಎಂಬುದು ಕಪ್ಪು ಜನರಿಗೆ ಆಗಿನ ಸರಕಾರಿ ಪದ.) ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ಕಟ್ಟಳೆಯನ್ನು ‘ಭೇದ’ ಎಂದು ಕರೆದರೆ ಅದು ಯಾರದೋ ಮನೋಭಾವದಂತೆ ಕೇಳಿಸುತ್ತದೆ.

ಎರಡನೆಯ ಪದ ‘ಪ್ರತ್ಯೇಕತೆ’. ಪಠ್ಯಪುಸ್ತಕದ ಭಾಷೆಗೆ ಇದು ಹೊಂದುತ್ತದೆ. ಆದರೆ ‘ಪ್ರತ್ಯೇಕತಾವಾದಿ’ ಎಂದರೆ ದೇಶದಿಂದ ಬೇರೆಯಾಗಲು ಹೊರಟವನು ಎಂದೇ ಕನ್ನಡ ಓದುಗರಿಗೆ ರೂಢಿಯಾಗಿದೆ. ಬೇರೆಯಿರಲು ಬಯಸಿದವನು ಎಂಬ ಧ್ವನಿ ಅಲ್ಲಿಂದ ಇಲ್ಲಿಗೂ ನುಸುಳಿ, ಆ ಮಕ್ಕಳೇ ತಮ್ಮ ಪಾಡಿಗೆ ತಾವು ಪ್ರತ್ಯೇಕವಾಗಿದ್ದರು ಎನ್ನುವ ಹಾಗೆ ಓದಿಸಿಕೊಳ್ಳುತ್ತದೆ. ‘ವಿಂಗಡಣೆ’ ಎಂಬುದು ಅರ್ಥಕ್ಕೆ ಎಲ್ಲಕ್ಕಿಂತ ಹತ್ತಿರದ್ದು, ಯಾರೋ ನಿಂತು ವಿಂಗಡಿಸಿದ್ದಾರೆ ಎಂಬುದು ಆ ಪದದಲ್ಲೇ ಇದೆ. ಆದರೆ ಈಗ ನಮ್ಮ ನಗರಗಳಲ್ಲಿ ಅದು ಹಸಿ ಕಸ, ಒಣ ಕಸಕ್ಕೆ ಅಂಟಿಕೊಂಡಿದೆ. ಮಕ್ಕಳ ವಿಷಯದಲ್ಲಿ ಅದನ್ನು ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ನಾನು ಒಲಿದಿರುವುದು ‘ಬೇರ್ಪಡಿಕೆ’ಗೆ. ಕಾರಣ ಹೇಳುತ್ತೇನೆ, ನನ್ನ ಪ್ರಶ್ನೆಯ ಮುಖ್ಯ ಭಾಗ ಅದೇ. ಈ ನೆನಪುಗಳಲ್ಲಿ ಎರಡು ಬಗೆಯ ದನಿಗಳಿವೆ. ಬಿಳಿಯರ ಶಾಲೆಯಲ್ಲಿ ಓದಿದವರು ಸಾಮಾನ್ಯವಾಗಿ ಆ ಕಾಲವನ್ನು ಕರ್ತೃವಿಲ್ಲದ ವಾಕ್ಯಗಳಲ್ಲಿ ನೆನೆಯುತ್ತಾರೆ. ಆಗ ಹಾಗಿತ್ತು, ಅವರ ಶಾಲೆ ಅವರಿಗಿತ್ತು, ನಮ್ಮದು ನಮಗಿತ್ತು, ನಾವು ಯೋಚಿಸಲಿಲ್ಲ. ಇವರಲ್ಲಿ ಹಲವರು ಒಳ್ಳೆಯ ಜನ, ಮರುಕವೂ ಇದೆ. ಕಪ್ಪು ಮಕ್ಕಳ ಶಾಲೆಯಲ್ಲಿ ಓದಿದವರ ವಾಕ್ಯಗಳಲ್ಲಿ ಮಾತ್ರ ಕರ್ತೃ ಇರುತ್ತಾನೆ. ಶಾಲಾ ಮಂಡಳಿ ಬಸ್ಸು ಕೊಡಲಿಲ್ಲ. ಸೂಪರಿಂಟೆಂಡೆಂಟ್ ಇಲ್ಲವೆಂದ. ಅವರು ನಮಗೆ ತಮ್ಮ ಹಳೆಯ ಪುಸ್ತಕ ಕಳುಹಿಸಿದರು. ಒಳಪುಟದಲ್ಲಿ ಬಿಳಿಯರ ಶಾಲೆಯ ಮುದ್ರೆಯೂ ಮೊದಲು ಓದಿದ ಮಗುವಿನ ಹೆಸರೂ ಇರುತ್ತಿದ್ದ ಪುಸ್ತಕಗಳವು. ಒಂದೇ ಊರು, ಒಂದೇ ಕಾಲ, ವ್ಯಾಕರಣ ಮಾತ್ರ ಬೇರೆ. ಕನ್ನಡದಲ್ಲಿ ‘ಪದ್ಧತಿಯಿತ್ತು’, ‘ರೂಢಿಯಲ್ಲಿತ್ತು’ ಎಂದು ಕರ್ತೃವನ್ನು ಮರೆಮಾಡುವುದು ಬಹಳ ಸುಲಭ. ನಮ್ಮ ಅಸ್ಪೃಶ್ಯತೆಯ ಬಗ್ಗೆಯೂ ಹಾಗೆಯೇ ಬರೆದು ಅಭ್ಯಾಸವಾಗಿದೆ. ಮೂಲದಲ್ಲಿ ಕರ್ತೃ ಇದ್ದಲ್ಲಿ ಅನುವಾದದಲ್ಲಿ ಅವನು ಕಾಣೆಯಾಗಬಾರದು. ಅದಕ್ಕೇ ‘ಬೇರ್ಪಡಿಸಿದರು’ ಎಂಬ ಕ್ರಿಯಾಪದವನ್ನು ಒಳಗಿಟ್ಟುಕೊಂಡ ನಾಮಪದವನ್ನು ಹುಡುಕುತ್ತಿದ್ದೇನೆ.

ಒಂದು ಉದಾಹರಣೆ ಕೊಟ್ಟರೆ ತೊಡಕು ಸ್ಪಷ್ಟವಾದೀತು. ವರ್ಜೀನಿಯಾದ ಫಾರ್ಮ್‌ವಿಲ್ ಪ್ರಿನ್ಸ್ ಎಡ್ವರ್ಡ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಪಟ್ಟಣ. ಅಲ್ಲಿ ಕಪ್ಪು ಮಕ್ಕಳಿಗೆಂದು ರಾಬರ್ಟ್ ರಸ್ಸಾ ಮೋಟನ್ ಹೈಸ್ಕೂಲನ್ನು 1939ರಲ್ಲಿ 180 ವಿದ್ಯಾರ್ಥಿಗಳಿಗಾಗುವಷ್ಟು ಕಟ್ಟಿದ್ದರು. 1951ರ ಹೊತ್ತಿಗೆ ಅಲ್ಲಿ ಸುಮಾರು 450 ಮಕ್ಕಳಿದ್ದರು. ಮಂಡಳಿ ಹೊಸ ಕಟ್ಟಡ ಕೊಡದೆ, ಡಾಂಬರು ಕಾಗದ ಹೊದಿಸಿದ ಮರದ ಶೆಡ್ಡುಗಳನ್ನು ಅಂಗಳದಲ್ಲಿ ನಿಲ್ಲಿಸಿತು. ಕೋಳಿಗೂಡು ಎಂದು ಜನ ಅವನ್ನು ಆಡಿಕೊಳ್ಳುತ್ತಿದ್ದರು. (ಇವಕ್ಕೆ ‘ಗುಡಿಸಲು’ ಎಂದರೆ ಹುಲ್ಲು ಹೊದಿಸಿದ್ದು ಎಂದಾಗುತ್ತದೆ, ‘ಶೆಡ್ಡು’ ಎಂದೇ ಉಳಿಸಿದ್ದೇನೆ.) ಆ ವರ್ಷದ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಎಂಬ ಹದಿನಾರರ ಹುಡುಗಿ ಮುಖ್ಯೋಪಾಧ್ಯಾಯರನ್ನು ಉಪಾಯದಿಂದ ಹೊರಗೆ ಕಳುಹಿಸಿ, ಸಭಾಂಗಣದಲ್ಲಿ ಎಲ್ಲರನ್ನೂ ಸೇರಿಸಿ, ತರಗತಿ ಬಹಿಷ್ಕಾರಕ್ಕೆ ಕರೆ ಕೊಟ್ಟಳು. ಮಕ್ಕಳು ಕೇಳಿದ್ದು ಬಿಳಿಯರ ಶಾಲೆಗೆ ಸಮನಾದ ಕಟ್ಟಡವನ್ನು. ಮಕ್ಕಳ ಕರೆಗೆ ಬಂದ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್, ಬೇರ್ಪಡಿಕೆಯನ್ನೇ ಪ್ರಶ್ನಿಸುವುದಾದರೆ ಮೊಕದ್ದಮೆ ಹೂಡುತ್ತೇವೆ, ಒಳ್ಳೆಯ ಕಟ್ಟಡಕ್ಕಾಗಿ ಅಲ್ಲ, ಎಂದರು. ಮಕ್ಕಳೂ ಹೆತ್ತವರೂ ಒಪ್ಪಿದರು. 1896ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಪ್ಲೆಸ್ಸಿ ತೀರ್ಪಿನೊಂದಿಗೆ ಗಟ್ಟಿಯಾಗಿದ್ದ ‘ಪ್ರತ್ಯೇಕ, ಆದರೆ ಸಮಾನ’ ಎಂಬ ಸೂತ್ರದಲ್ಲಿ ‘ಸಮಾನ’ವನ್ನು ಕೇಳುವುದು ಬೇರೆ, ‘ಪ್ರತ್ಯೇಕ’ವನ್ನು ಬೇಡವೆನ್ನುವುದು ಬೇರೆ. ಫಾರ್ಮ್‌ವಿಲ್‌ನ ಮಕ್ಕಳು ಒಂದರಿಂದ ಇನ್ನೊಂದಕ್ಕೆ ದಾಟಿದ್ದು ಕೆಲವೇ ದಿನಗಳಲ್ಲಿ. ಆ ಮೊಕದ್ದಮೆ, ಸಾರ್ವಜನಿಕ ಶಾಲೆಗಳಲ್ಲಿ ಬೇರ್ಪಡಿಕೆ ಸಂವಿಧಾನಬಾಹಿರ ಎಂದ 1954ರ ಮೇ 17ರ ಬ್ರೌನ್ ತೀರ್ಪಿನೊಳಗೆ ಸೇರಿದ ಪ್ರಕರಣಗಳಲ್ಲಿ ಒಂದು. ಅಲ್ಲೇ ಸೇರಿದ ದಕ್ಷಿಣ ಕೆರೊಲಿನಾದ ಕ್ಲಾರೆಂಡನ್ ಕೌಂಟಿಯ ಪ್ರಕರಣಕ್ಕೂ ಬುಡದಲ್ಲಿದ್ದದ್ದು ಒಂದು ಶಾಲಾ ಬಸ್ಸಿನ ಬೇಡಿಕೆ. ಬಿಳಿಯ ಮಕ್ಕಳಿಗೆ ಅಲ್ಲಿ 30 ಬಸ್ಸುಗಳಿದ್ದವು, ಕಪ್ಪು ಮಕ್ಕಳಿಗೆ ಒಂದೂ ಇರಲಿಲ್ಲ.

ಮುಂದಿನದು ಇನ್ನೂ ಕಷ್ಟ. ಒಟ್ಟಿಗೆ ಕಲಿಸಿರಿ ಎಂಬ ನ್ಯಾಯಾಲಯದ ಆದೇಶಕ್ಕೆ ಮಣಿಯುವ ಬದಲು ಪ್ರಿನ್ಸ್ ಎಡ್ವರ್ಡ್ ಕೌಂಟಿ 1959ರಲ್ಲಿ ತನ್ನ ಸಾರ್ವಜನಿಕ ಶಾಲೆಗಳಿಗೆಲ್ಲ ಬೀಗ ಹಾಕಿತು. ಬಿಳಿಯ ಮಕ್ಕಳಿಗೆ ಖಾಸಗಿ ಅಕಾಡೆಮಿ ಎದ್ದಿತು. ಕಪ್ಪು ಮಕ್ಕಳಲ್ಲಿ ಕೆಲವರು ದೂರದ ನೆಂಟರ ಮನೆಗಳಿಗೆ ಹೋಗಿ ಓದಿದರು, ಹಲವರು ಓದಲೇ ಇಲ್ಲ. ಶಾಲೆಗಳು ಮತ್ತೆ ತೆರೆದದ್ದು 1964ರಲ್ಲಿ, ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪಿನ ಮೇಲೆ. ಈ ಐದು ವರ್ಷಗಳನ್ನು ಕಳೆದುಕೊಂಡವರನ್ನು ಕನ್ನಡದಲ್ಲಿ ಏನೆಂದು ಕರೆಯುವುದು? ನಮ್ಮ ಶಿಕ್ಷಣ ಇಲಾಖೆಯ ಕಡತಗಳಲ್ಲಿ ‘ಶಾಲೆ ಬಿಟ್ಟ ಮಕ್ಕಳು’ ಇದ್ದಾರೆ, ‘ಶಾಲೆಯಿಂದ ಹೊರಗುಳಿದ ಮಕ್ಕಳು’ ಇದ್ದಾರೆ. ಎರಡರಲ್ಲೂ ಕೆಲಸ ಮಾಡಿದವರು ಮಕ್ಕಳೇ. ಬಿಟ್ಟದ್ದು ಅವರು, ಉಳಿದದ್ದು ಅವರು. ‘ಶಾಲೆ ಕಳೆದುಕೊಂಡವರು’ ಎಂದರೆ ಅಜಾಗರೂಕತೆಯ ವಾಸನೆ. ಸದ್ಯಕ್ಕೆ ‘ಶಾಲೆ ಮುಚ್ಚಿಸಿಕೊಂಡವರು’ ಎಂದು ಬರೆದಿದ್ದೇನೆ, ಮನೆ ಸುಡಿಸಿಕೊಂಡವರು ಎನ್ನುವ ಮಾದರಿಯಲ್ಲಿ. ಅನುಭವಿಸಿದವರನ್ನೂ ಮಾಡಿದವರನ್ನೂ ಒಂದೇ ಪದದಲ್ಲಿ ಹಿಡಿಯುವ ಈ ‘-ಇಸಿಕೊಳ್ಳು’ ಕನ್ನಡದ ದೊಡ್ಡ ಅನುಕೂಲ. ಆದರೆ ‘ತಾವೇ ಬೇಕೆಂದು ಮುಚ್ಚಿಸಿದರು’ ಎಂದು ತಪ್ಪಾಗಿ ಓದುವ ಅಪಾಯವಿದೆಯೇ? ಬಲ್ಲವರು ಹೇಳಬೇಕು.

‘ಕಲರ್ಡ್ ಸ್ಕೂಲ್’ ಎಂಬುದನ್ನು ನಾನು ಹಾಗೆಯೇ ಬಿಟ್ಟಿದ್ದೇನೆ. ‘ಬಣ್ಣದ ಶಾಲೆ’ ಎಂದರೆ ಕನ್ನಡದಲ್ಲಿ ಸುಣ್ಣಬಣ್ಣ ಕಂಡ ಶಾಲೆ. ‘ಕರಿಯರ ಶಾಲೆ’ಯಲ್ಲಿ ಅನುವಾದಕನದೇ ತಿರಸ್ಕಾರ ಸೇರಿಬಿಡುತ್ತದೆ. ಹಿರಿಯರು ಆ ಕಾಲದ ಸರಕಾರಿ ಪದವನ್ನು ಉದ್ಧರಿಸಿ ಹೇಳುವಾಗ ‘ಕಲರ್ಡ್’, ತಮ್ಮ ಮಾತಿನಲ್ಲಿ ಹೇಳುವಾಗ ‘ಕಪ್ಪು ಮಕ್ಕಳು’ ಎಂದು ಇಟ್ಟಿದ್ದೇನೆ. ಎಷ್ಟೋ ಕೌಂಟಿಗಳಲ್ಲಿ ಈ ಮಕ್ಕಳ ಶಾಲೆಗೆ ಹೈಸ್ಕೂಲ್ ಎಂಬ ಹೆಸರನ್ನೇ ಕೊಡದೆ ‘ಕೌಂಟಿ ಟ್ರೇನಿಂಗ್ ಸ್ಕೂಲ್’ ಎಂದಿದ್ದರು. ಅದನ್ನು ‘ತರಬೇತಿ ಶಾಲೆ’ ಎಂದರೆ ನಮ್ಮವರಿಗೆ ಶಿಕ್ಷಕರ ತರಬೇತಿ ನೆನಪಾದೀತು. ‘ಕಸುಬಿನ ಶಾಲೆ’ ಎಂದರೆ ಆ ಹೆಸರಿಟ್ಟವರ ಮನಸ್ಸು ತಿಳಿಯುತ್ತದೆ, ಇಂಥ ಮಕ್ಕಳಿಗೆ ಕೈಕೆಲಸವೇ ಸಾಕು ಎಂಬ ಎಣಿಕೆ. ಆದರೆ ಒಳಗೆ ಓದಿದ್ದು ಲ್ಯಾಟಿನ್, ಬೀಜಗಣಿತ ಎಂದು ನೆನೆಯುವವರೂ ಇದ್ದಾರೆ.

ಒಂದು ಪದ ಮಾತ್ರ ಹುಡುಕದೆಯೇ ಸಿಕ್ಕಿತು. ಸಿಯರ್ಸ್ ಎಂಬ ವ್ಯಾಪಾರಿ ಕಂಪನಿಯ ಜೂಲಿಯಸ್ ರೋಸೆನ್‌ವಾಲ್ಡ್, ಕಪ್ಪು ಜನರ ಶಿಕ್ಷಣ ನಾಯಕ ಬೂಕರ್ ಟಿ. ವಾಷಿಂಗ್ಟನ್ ಜೊತೆಗೂಡಿ ಆರಂಭಿಸಿದ ಯೋಜನೆಯಲ್ಲಿ 1932ರ ವೇಳೆಗೆ ಹದಿನೈದು ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗಾಗಿ ಸುಮಾರು 5,000 ಗ್ರಾಮೀಣ ಶಾಲೆಗಳು ಎದ್ದವು. ನಿಯಮವೆಂದರೆ ಊರಿನ ಕಪ್ಪು ಜನರೂ ತಮ್ಮ ಪಾಲನ್ನು ಹಾಕಬೇಕು. ಶಾಲೆಗಳಿಗಾಗಿ ತೆರಿಗೆ ಕಟ್ಟಿದವರೇ ಮತ್ತೆ ಹಣ, ಜಮೀನು, ಮರ, ಮೈಕೆಲಸ ಕೊಟ್ಟರು. ಒಟ್ಟಾರೆ ಲೆಕ್ಕದಲ್ಲಿ ಅವರು ಕೊಟ್ಟದ್ದು ರೋಸೆನ್‌ವಾಲ್ಡ್ ನಿಧಿ ಕೊಟ್ಟದ್ದಕ್ಕಿಂತ ಹೆಚ್ಚು. ಇದಕ್ಕೆ ನಮ್ಮ ‘ವಂತಿಗೆ’ಗಿಂತ ಒಳ್ಳೆಯ ಪದವಿಲ್ಲ. ‘ದೇಣಿಗೆ’ ಉಳ್ಳವರದು, ವಂತಿಗೆ ಊರವರದು. ‘ಅಪ್ಪಂದಿರು ವಂತಿಗೆ ಹಾಕಿ ಕಟ್ಟಿದ ಶಾಲೆ’ ಎಂದು ಬರೆದಾಗ ಆ ಹಿರಿಯರ ದನಿಯಲ್ಲಿದ್ದ ಹೆಮ್ಮೆ ಪೂರ್ತಿ ಬಂದಿತೆನಿಸಿತು.

ಆ ಹೆಮ್ಮೆಯಿಂದಲೇ ಕೊನೆಯ ತೊಡಕು. ‘ಇಂಟಿಗ್ರೇಷನ್’ ಎಂಬುದಕ್ಕೆ ನಮ್ಮಲ್ಲಿ ‘ಏಕೀಕರಣ’ ಇದೆ. ಆದರೆ ಕನ್ನಡಿಗನಿಗೆ ಏಕೀಕರಣವೆಂದರೆ 1956ರ ನವೆಂಬರ್ 1, ಹಂಚಿಹೋದವರು ಒಂದಾದ ಸಂತೋಷ. ಅಮೆರಿಕದ ದಕ್ಷಿಣದಲ್ಲಿ ಶಾಲೆಗಳು ನಿಜವಾಗಿ ಒಂದಾದದ್ದು ಬಹುಪಾಲು, ಬೇರ್ಪಡಿಕೆಯನ್ನು ಬೇರುಸಹಿತ ಕೊನೆಗಾಣಿಸುವುದು ಶಾಲಾ ಮಂಡಳಿಗಳದೇ ಹೊಣೆ ಎಂದ 1968ರ ಗ್ರೀನ್ ತೀರ್ಪಿನ ನಂತರ. ಒಂದಾದ ರೀತಿ ಹೀಗೆ: ಬಿಳಿಯರ ಹೈಸ್ಕೂಲು ಉಳಿಯಿತು, ಕಪ್ಪು ಮಕ್ಕಳ ಹೈಸ್ಕೂಲು ಮುಚ್ಚಿತು ಅಥವಾ ಕೆಳ ತರಗತಿಗಳಿಗೆ ಇಳಿಯಿತು. ಶಾಲೆಯ ಹೆಸರು, ಬಣ್ಣಗಳು, ಶಾಲಾಗೀತೆ ಹೋದವು. ಗೆದ್ದ ಪಾರಿತೋಷಕಗಳನ್ನು ಎಸೆದ ಕಡೆಗಳೂ ಇವೆ. ಮುಖ್ಯೋಪಾಧ್ಯಾಯರಾಗಿದ್ದವರು ಸಹಾಯಕರಾದರು. 1954ರಿಂದ 1965ರವರೆಗೆ ಹದಿನೇಳು ರಾಜ್ಯಗಳಲ್ಲಿ ಸುಮಾರು 38,000 ಕಪ್ಪು ಶಿಕ್ಷಕರೂ ಮುಖ್ಯೋಪಾಧ್ಯಾಯರೂ ಕೆಲಸ ಕಳೆದುಕೊಂಡರು ಎಂಬ ಅಂದಾಜಿದೆ. ಆದ್ದರಿಂದ ಈ ಹಿರಿಯರು ಬೇರ್ಪಡಿಕೆಯನ್ನು ಎಳ್ಳಷ್ಟೂ ಸಮರ್ಥಿಸದೆಯೇ, ‘ನಮ್ಮ ಶಾಲೆ ಹೋಯಿತು’ ಎಂದು ಅಳುತ್ತಾರೆ. ಓದುಗರು ಇದನ್ನು ಹಳೆಯ ಏರ್ಪಾಡಿನ ಹಂಬಲವೆಂದು ತಿಳಿದರೆ ಘೋರ ಅನ್ಯಾಯ. ಅವರು ನೆನೆಯುವುದು ಆ ಏರ್ಪಾಡಿನ ನಡುವೆ ತಮ್ಮನ್ನು ಕೈಹಿಡಿದು ಕಲಿಸಿದ ಶಿಕ್ಷಕರನ್ನು.

ಇಲ್ಲಿ ನಾನು ‘ಏಕೀಕರಣ’ವನ್ನು ಬಿಟ್ಟು ‘ವಿಲೀನ’ ಎಂದು ಬರೆದಿದ್ದೇನೆ. ವಿಲೀನದಲ್ಲಿ ಚಿಕ್ಕದು ಕರಗಿ ದೊಡ್ಡದರ ಹೆಸರು ಉಳಿಯುತ್ತದೆ. ನಮ್ಮಲ್ಲೂ ಮಕ್ಕಳು ಕಡಿಮೆಯಾದ ಕನ್ನಡ ಶಾಲೆಗಳ ‘ವಿಲೀನ’ವೆಂದರೆ ಹಳ್ಳಿಯವರಿಗೆ ಏನು ಅರ್ಥವೆಂದು ಗೊತ್ತೇ ಇದೆ. ತೀರ್ಪಿನ ಆಶಯವನ್ನು ಹೇಳುವಲ್ಲಿ ‘ಒಟ್ಟುಗೂಡಿಸುವುದು’, ನಡೆದದ್ದನ್ನು ಹೇಳುವಲ್ಲಿ ‘ವಿಲೀನ’. ಮೂಲದಲ್ಲಿ ಎರಡಕ್ಕೂ ಒಂದೇ ಪದವಿರುವಾಗ ನಾನು ಎರಡಾಗಿ ಒಡೆಯಬಹುದೇ? ಸಂದರ್ಭ ಕೇಳುತ್ತಿದೆ ಎನ್ನುವುದು ನನ್ನ ನಿಲುವು. ಒಪ್ಪದವರು ದಯವಿಟ್ಟು ವಾದಿಸಿ.

ಹಳೆಯ ಸಹಪಾಠಿಗಳು ಸೇರುವ ಆ ‘ರಿಯೂನಿಯನ್’ಗೆ ‘ಪುನರ್ಮಿಲನ’ ಒಣಕಲು. ನಮ್ಮ ಊರುಗಳ ಬ್ಯಾನರ್‌ಗಳಲ್ಲಿ ಕಾಣುವ ‘ಗುರುವಂದನೆ ಮತ್ತು ಸ್ನೇಹ ಸಮ್ಮಿಲನ’ ಹತ್ತಿರ ಬರುತ್ತದೆ. ಮುಚ್ಚಿದ ಶಾಲೆಯವರು ಒಂದು ತರಗತಿಯವರಷ್ಟೇ ಅಲ್ಲದೆ ಎಲ್ಲ ವರ್ಷಗಳವರೂ ಸೇರುವುದುಂಟು. ಹಾಗಾಗಿ ‘ಶಾಲೆಯವರ ಕೂಟ’ ಎಂದು ಹಾಕಿದ್ದೇನೆ.

ಕೊನೆಗೆ ಎರಡು ನಿರ್ದಿಷ್ಟ ಕೋರಿಕೆಗಳು. ವ್ಯಾಕರಣ ಬಲ್ಲವರಿಗೆ: ‘ಬೇರ್ಪಡಿಕೆ’ಯನ್ನು ‘ಬೇರ್ಪಡಿಸು’ವಿನಿಂದ ಬಂದದ್ದೆಂದು ಓದುಗರು ಹಿಡಿಯುತ್ತಾರೆಯೇ, ಅಥವಾ ‘ಬೇರ್ಪಡು’ವಿನಿಂದ ಬಂದದ್ದೆಂದು ತಿಳಿದು ತಾನಾಗಿ ಆದದ್ದು ಎಂದುಕೊಳ್ಳುತ್ತಾರೆಯೇ? ಎರಡನೆಯದಾದರೆ ಉದ್ದವಾದರೂ ‘ಬೇರ್ಪಡಿಸುವಿಕೆ’ ಎಂದೇ ಬರೆಯುತ್ತೇನೆ. ಧಾರವಾಡದ, ಮಂಗಳೂರಿನ, ಹಳೆಯ ಮೈಸೂರಿನ ಹಿರಿಯರನ್ನು ಬಲ್ಲವರಿಗೆ: 1856ರಲ್ಲಿ ಧಾರವಾಡದ ಸರಕಾರಿ ಶಾಲೆ ಮಹಾರ ಜಾತಿಯ ಹುಡುಗನೊಬ್ಬನಿಗೆ ಪ್ರವೇಶ ನಿರಾಕರಿಸಿ, ಅವನ ಅರ್ಜಿ ಬೊಂಬಾಯಿ ಸರಕಾರದವರೆಗೆ ಹೋಗಿತ್ತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಬೇರೆಯೇ ಶಾಲೆ ತೆರೆಯಬೇಕಾಯಿತು. ಅಂಥ ಶಾಲೆಗಳನ್ನು ಕಡತಗಳು ‘ಪಂಚಮ ಶಾಲೆ’ ಎಂದವು. ಅಲ್ಲಿ ಓದಿದವರು, ಅವರ ಮಕ್ಕಳು ಮನೆಮಾತಿನಲ್ಲಿ ಏನೆನ್ನುತ್ತಿದ್ದರು? ಜಗುಲಿಯ ಮೇಲೆ, ಬಾಗಿಲ ಹೊರಗೆ ಕೂರಿಸಿ ಕಲಿಸಿದ್ದಕ್ಕೆ ಅವರದೇ ಆದ ಪದವಿದ್ದರೆ, ಅದು ಯಾವ ಊರಿನದು, ಯಾರು ಯಾವ ಸಂದರ್ಭದಲ್ಲಿ ಆಡಿದ್ದು ಎಂಬ ವಿವರದೊಂದಿಗೆ ತಿಳಿಸಿ. ಅಮೆರಿಕದ ಮಾತಿಗೆ ಅದನ್ನು ನೇರವಾಗಿ ಹಚ್ಚುವ ಉದ್ದೇಶ ನನಗಿಲ್ಲ, ಜಾತಿಯ ಮಡಿಮೈಲಿಗೆಯೇ ಬೇರೆ, ಅಲ್ಲಿನ ಕಾನೂನೇ ಬೇರೆ. ಆದರೆ ಹೊರಗೆ ಕೂತವರು ತಮ್ಮ ಬಾಯಲ್ಲಿ ಕಟ್ಟಿದ ಪದದಲ್ಲಿ ಕರ್ತೃ ಇದ್ದಾನೆಯೇ, ಇದ್ದರೆ ಹೇಗಿದ್ದಾನೆ ಎಂಬುದನ್ನು ನೋಡಬೇಕಾಗಿದೆ.