ಪಾಯಿಂಟ್ ಬರುತ್ತೆ!

“ಇದನ್ನ ಕ್ರೆಡಿಟ್ ಕಾರ್ಡಲ್ಲಿ ಕೊಂಡ್ರೆ ಎಷ್ಟು ಪಾಯಿಂಟ್ ಬರುತ್ತೆ ಗೊತ್ತಾ?” ಅಂತ ಗೋಪಿ ಫೋನನ್ನು ಮೂವರ ಮೂಗಿನ ಮುಂದೂ ಒಂದು ಸುತ್ತು ತಿರುಗಿಸಿದ. ಪರದೆ ಮೇಲೆ ಕಡಲಾಚೆಯ ಅಂಗಡಿ, ಬುಟ್ಟಿಯಲ್ಲಿ ಎಂಟಿಂಚು ಕನ್ನಡಿಯ ಟೆಲಿಸ್ಕೋಪು, ಅದರ ಕೆಳಗೆ 1000 ಡಾಲರ್, ಅದರ ಕೆಳಗೆ ಹಸಿರು ಗುಂಡಿ.

“ಬರೋದು ಗೊತ್ತಿಲ್ಲಪ್ಪ, ಹೋಗೋದು ಗೊತ್ತು,” ಅಂದರು ಶೀನಣ್ಣ.

“ನೂರಕ್ಕೆ ಒಂದು ಶೀನಣ್ಣ! 10 ಡಾಲರ್ ಬೆಲೆಯ ಪಾಯಿಂಟು. ಪುಕ್ಕಟೆ!”

“ಹೊರದೇಶದ ಅಂಗಡಿಗೆ ಕಾರ್ಡ್ ಹಾಕಿದ್ರೆ ನಿನ್ನ ಬ್ಯಾಂಕು ಎಷ್ಟು ಹಿಡ್ಕೊಳ್ಳುತ್ತೆ?” ವಿಮಲಾ ಕೇಳಿದಳು.

“ಮಾರ್ಕಪ್ ಅಂತ ಏನೋ ಇದೆ. ನೂರಕ್ಕೆ ಮೂರು.”

“30 ಕೊಟ್ಟು 10 ಇಸ್ಕೊಂಡೆ,” ಅಂದರು ಶೀನಣ್ಣ. “ಪುಕ್ಕಟೆ ಅನ್ನೋದು ಸುಳ್ಳಲ್ಲ. ಸಿಕ್ಕಿದ್ದು ಬ್ಯಾಂಕಿಗೆ, ಅಷ್ಟೇ.”

“ಒಳ್ಳೆ ಪಾಯಿಂಟ್!” ಅಂದ ಮಂಜ.

“ಬರ್ಕೋ. ಎಲ್ಲ ಸೇರಿಸಿ ಆಮೇಲೆ ರಿಡೀಮ್ ಮಾಡ್ಕೋತೀನಿ.”

ಮಂಜ ನಿಜವಾಗಲೂ ಅಂಗೈ ಮೇಲೆ ಪೆನ್ನಿನಿಂದ ಒಂದು ಗೀಟು ಎಳೆದ.

ಗೋಪಿ ಸೋಲೊಪ್ಪುವ ಜಾತಿಯಲ್ಲ. ಮುಂದಿನ ಪುಟಕ್ಕೆ ಹೋದ. ಅಲ್ಲಿ ಎರಡು ಸಣ್ಣ ವೃತ್ತಗಳು. ಒಂದರ ಪಕ್ಕ ಡಾಲರ್. ಇನ್ನೊಂದರ ಪಕ್ಕ ‘ನಿಮ್ಮದೇ ಕರೆನ್ಸಿಯಲ್ಲಿ ಪಾವತಿಸಿ, ದರ ಖಚಿತ’. ಈ ಎರಡನೆಯದರೊಳಗೆ ಆಗಲೇ ಚುಕ್ಕಿ ಬಿದ್ದಿತ್ತು.

“ನೋಡಿ, ಎಷ್ಟು ಮರ್ಯಾದೆ! ನಮ್ಮ ದುಡ್ಡಲ್ಲೇ ಲೆಕ್ಕ ಹಾಕಿ ಕೊಟ್ಟಿದ್ದಾರೆ.”

“ನೀನು ಬರೋಕೆ ಮುಂಚೆಯೇ ಎಲೆ ಹಾಕಿ ಬಡಿಸಿಟ್ಟವನನ್ನ ಕಂಡ್ರೆ ಸ್ವಲ್ಪ ಅನುಮಾನ ಪಡಬೇಕು ಕಣೋ,” ಅಂದರು ಶೀನಣ್ಣ. “ಆ ಚುಕ್ಕಿ ಇಟ್ಟೋರು ಯಾರು? ನೀನಾ?”

ವಿಮಲಾ ಫೋನ್ ಕಸಿದುಕೊಂಡಳು. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಅಂತಾರೆ ಅಂದಳು. ಡಾಲರನ್ನು ನಮ್ಮ ದುಡ್ಡಿಗೆ ತಿರುಗಿಸುವ ಕೆಲಸವನ್ನು ಕಾರ್ಡಿನ ಜಾಲ ನಡೆಸೋ ವೀಸಾನೋ ಮಾಸ್ಟರ್‌ಕಾರ್ಡೋ ಮಾಡುವ ಬದಲು ಅಂಗಡಿಯ ಕಡೆಯವರು ಮಾಡುತ್ತಾರೆ, ದರವೂ ಅವರದೇ. ಮಾರುಕಟ್ಟೆ ದರಕ್ಕಿಂತ ನೂರಕ್ಕೆ 4, 5, ಕೆಲವು ಕಡೆ ಅದಕ್ಕಿಂತಲೂ ಜಾಸ್ತಿ. ಪತ್ತೆ ಮಾಡೋದು ಸುಲಭ. ವೀಸಾ, ಮಾಸ್ಟರ್‌ಕಾರ್ಡ್ ಎರಡರ ಸೈಟಿನಲ್ಲೂ ದರ ಲೆಕ್ಕ ಹಾಕೋ ಪುಟ ಇದೆ. ಮೊತ್ತ ಹಾಕು, ಎರಡು ಕರೆನ್ಸಿ ಆರಿಸು, ‘ಬ್ಯಾಂಕ್ ಶುಲ್ಕ’ ಅನ್ನೋ ಖಾನೆಯಲ್ಲಿ ನಿನ್ನ 3 ತುಂಬು. ಬಂದ ಮೊತ್ತವನ್ನ ಅಂಗಡಿಯವನ ‘ಖಚಿತ ದರ’ದ ಪಕ್ಕ ಇಟ್ಟು ನೋಡು.

“ಹಾಗೂ ಅವರದ್ದೇ ಒಪ್ಕೊಂಡ್ರೆ ಬ್ಯಾಂಕಿನ 3 ಆದರೂ ಉಳಿಯುತ್ತಲ್ಲ?”

“ಅದೇ ತಮಾಷೆ. ಅಂಗಡಿ ಹೊರದೇಶದ್ದು ಅಂತ ಎಷ್ಟೋ ಬ್ಯಾಂಕುಗಳು ಆಗಲೂ ಶುಲ್ಕ ಹಾಕ್ತವೆ. ಎರಡೂ ಕಡೆ ಕೊಡ್ತೀಯ.”

“ಖಚಿತ ಅಂತ ಬರೆದಿದ್ದು ಅದಕ್ಕೇ,” ಅಂದರು ಶೀನಣ್ಣ. “ನಷ್ಟ ಖಚಿತ.”

ಎರಡನೇ ಗೀಟು. ವಿಮಲಾ ಚುಕ್ಕಿಯನ್ನು ಡಾಲರ್ ಪಕ್ಕಕ್ಕೆ ಸರಿಸಿದಳು. ನಡುವೆ ಆನ್‌ಲೈನ್ ವಾಲೆಟ್ ಇಟ್ಟುಕೊಂಡು ಕಟ್ಟಿದರೂ ಇದೇ ಆಟ, ಅಲ್ಲೂ ‘ಕಾರ್ಡಿನ ಬ್ಯಾಂಕೇ ಪರಿವರ್ತಿಸಲಿ’ ಅನ್ನೋ ಆಯ್ಕೆಯನ್ನ ಕೆದಕಿ ತೆಗೀಬೇಕು ಅಂತ ಸೇರಿಸಿದಳು.

“ಸರಿ, ಒತ್ತು ಮಾರಾಯ!” ಮಂಜನಿಗೆ ತಾಳ್ಮೆ ಮುಗಿದಿತ್ತು.

ಗೋಪಿ ಒತ್ತಿದ. ‘ವ್ಯವಹಾರ ನಿರಾಕರಿಸಲಾಗಿದೆ’.

“ಮತ್ತೆ ಒತ್ತು!”

“ಒತ್ತಬೇಡ!” ವಿಮಲಾ ಕೂಗಿದಳು. “ಕಾರಣ ನೋಡದೆ ಮೂರು ಸಲ ಒತ್ತಿದ್ರೆ ಬ್ಯಾಂಕಿನ ಯಂತ್ರ ಯಾರೋ ಕಳ್ಳ ಅಂದ್ಕೊಂಡು ಕಾರ್ಡನ್ನೇ ಕಟ್ಟಿಹಾಕುತ್ತೆ.”

ಕಾರಣ ಸಾಮಾನ್ಯವಾಗಿ ಮೂರು ನಾಲ್ಕರಲ್ಲಿ ಒಂದು. ಆಪ್‌ನಲ್ಲಿ ವಿದೇಶಿ ಬಳಕೆ ಬಂದ್ ಆಗಿರುತ್ತೆ. ಕಾರ್ಡಿನ ಮಿತಿ ಸಾಕಷ್ಟಿದ್ದರೂ ಒಂದು ವ್ಯವಹಾರಕ್ಕೆ ಅಂತ ಇರೋ ಮಿತಿ ಚಿಕ್ಕದಿರುತ್ತೆ. ಇಲ್ಲವಾದರೆ, ಯಾವತ್ತೂ ಸಣ್ಣಪುಟ್ಟದ್ದು ಕೊಳ್ಳೋ ಮನುಷ್ಯ ಇದ್ದಕ್ಕಿದ್ದಂತೆ ಕಡಲಾಚೆ ಸಾವಿರ ಡಾಲರ್ ಎಸೆದ ಅಂತ ಯಂತ್ರವೇ ಬೆಚ್ಚಿಬಿದ್ದಿರುತ್ತೆ. ಆಗ ಕಾರ್ಡಿನ ಹಿಂದಿರೋ ನಂಬರಿಗೆ ಫೋನ್ ಮಾಡಿ ‘ನಾನೇ’ ಅಂದರೆ ಮುಗೀತು. ನಾಲ್ಕನೇದು ವಿಳಾಸ. ಬ್ಯಾಂಕಿನಲ್ಲಿರೋ ವಿಳಾಸದ ಅಂಕಿಗಳೂ ಪಿನ್‌ಕೋಡೂ ನೀನು ಬಿಲ್ಲಿಂಗ್ ಖಾನೆಯಲ್ಲಿ ತುಂಬಿದ್ದೂ ತಾಳೆಯಾಗ್ತವಾ ಅಂತ ಕೆಲವು ಅಂಗಡಿಗಳು ನೋಡ್ತವೆ. ತಾಳೆಯಾಗದಿದ್ದರೆ ಬ್ಯಾಂಕು ಒಪ್ಪಿದ ಮೇಲೂ ಅಂಗಡಿಯವರು ಆರ್ಡರ್ ರದ್ದು ಮಾಡ್ತಾರೆ.

“ರದ್ದಾದ್ರೆ ದುಡ್ಡು ಬಂತಲ್ಲ?”

“ದುಡ್ಡು ಹೋಗೇ ಇರಲ್ಲ. ಆದ್ರೆ ಬ್ಯಾಂಕು ಅಷ್ಟು ಮೊತ್ತಾನ ತಡೆದಿಟ್ಟಿರುತ್ತೆ. ಅದು ಬಿಡೋಕೆ ಕೆಲವು ದಿನ ಬೇಕು. ಈ ಕಡೆ ಮಂಜನ ಮಾತು ಕೇಳಿ ಇನ್ನೆರಡು ಸಲ ಒತ್ತಿರ್ತೀಯ. ಒಂದೇ ಟೆಲಿಸ್ಕೋಪಿಗೆ ಮೂರು ತಡೆ, ಲಿಮಿಟ್ ಖಲಾಸ್.”

“ಮಂಜನ ಖಾತೆಯಿಂದ ಒಂದು ಪಾಯಿಂಟ್ ಕಳೀರಿ,” ಅಂದರು ಶೀನಣ್ಣ.

“ನನ್ನ ಖಾತೇಲಿ ಇಲ್ಲವೇ ಇಲ್ಲ!”

“ಸಾಲ ಬರ್ಕೋ. ಅದಕ್ಕೇ ತಾನೇ ಕ್ರೆಡಿಟ್ ಅನ್ನೋದು.”

ಮೂರನೇ ಗೀಟನ್ನು ಮಂಜ ಮುಖ ಗಂಟಿಕ್ಕಿಕೊಂಡೇ ಎಳೆದ. ಗೋಪಿ ಆಪ್ ತೆರೆದು ವಿದೇಶಿ ಬಳಕೆಯ ಗುಂಡಿ ಜಾರಿಸಿದ. “ಇವತ್ತಿನ ದರ ಚೆನ್ನಾಗಿದೆ, ಈಗಲೇ ಕಟ್ಟಿಬಿಡ್ತೀನಿ,” ಅಂದ.

ಅದೂ ಭ್ರಮೆ ಅಂದಳು ವಿಮಲಾ. ಇವತ್ತು ಆಗೋದು ಒಪ್ಪಿಗೆ ಮಾತ್ರ. ಎಷ್ಟೋ ಅಂಗಡಿಗಳು ದುಡ್ಡು ಎಳೆದುಕೊಳ್ಳೋದು ಪೆಟ್ಟಿಗೆ ಹೊರಟ ದಿನ. ಬಿಲ್ಲಿಗೆ ಬೀಳೋ ದರ ಆವತ್ತಿನದಾಗಿರಬಹುದು. ಕೊಳವೆ ಒಂದು ಪೆಟ್ಟಿಗೆ, ಪೀಠ ಇನ್ನೊಂದು ಪೆಟ್ಟಿಗೆ ಅಂತ ಕಳಿಸಿದರೆ ಎರಡು ದಿನ, ಎರಡು ದರ. ಆರ್ಡರ್ ಮೊತ್ತಕ್ಕೂ ಬಿಲ್ಲಿನ ಸಾಲುಗಳಿಗೂ ತಾಳೆಯಾಗದೆ ‘ಮೋಸ!’ ಅಂತ ಜನ ಹಾರಾಡೋದು ಇಲ್ಲೇ.

“ಬಾಗಿಲಿಗೆ ಬರೋ ಸುಂಕ ಬೇರೆ,” ಅಂದರು ಶೀನಣ್ಣ. “ಬಹಳ ದೇಶಗಳಲ್ಲಿ ಅದನ್ನ ಮಾಲಿನ ಬೆಲೆಗೆ ಸಾಗಣೆ, ವಿಮೆ ಎರಡೂ ಕೂಡಿಸಿದ ಮೇಲೆ ಹಾಕ್ತಾರೆ. ಕೊರಿಯರಿನವನು ನಿನ್ನ ಪರವಾಗಿ ಕಟ್ಟಿ, ಕಟ್ಟಿದ ಕೂಲಿಯನ್ನೂ ಸೇರಿಸಿ ಚೀಟಿ ಕೊಡ್ತಾನೆ. ಅದು ಕಾರ್ಡಿನ ಲೆಕ್ಕದಲ್ಲಿ ಎಲ್ಲೂ ಇಲ್ಲ.”

“ಗಿಫ್ಟ್, ನೂರು ಡಾಲರ್ ಅಂತ ಬರೆಸಿಬಿಡು!” ಮಂಜನ ಸಲಹೆ.

“ಬರೆಸು. ದಾರಿಯಲ್ಲಿ ಕನ್ನಡಿ ಒಡೆದ್ರೆ ವಿಮೆಯವನೂ ನೂರೇ ಕೊಡ್ತಾನೆ. ಸುಳ್ಳು ಹೇಳೋದಾದ್ರೆ ಎರಡೂ ಕಡೆ ಒಂದೇ ಸುಳ್ಳು ಹೇಳಬೇಕಾಗುತ್ತೆ, ಅಲ್ಲೇ ಕಷ್ಟ.”

ನಾಲ್ಕು.

ಗೋಪಿಗೆ ಈಗ ಅಳು ಬರುವ ಹಾಗಾಗಿತ್ತು. “ಹಾಗಾದ್ರೆ ಕಾರ್ಡೇ ಬೇಡ್ವಾ? ಬ್ಯಾಂಕಿನಿಂದ ನೇರ ಕಳಿಸಿಬಿಡ್ಲಾ?”

“ಛೆ ಛೆ!” ಶೀನಣ್ಣನೇ ಮೊದಲು ತಲೆ ಅಲ್ಲಾಡಿಸಿದರು. “ನೇರ ಕಳಿಸಿದ ದುಡ್ಡು ಬಾಣ ಇದ್ದ ಹಾಗೆ. ಕಾರ್ಡಿನದು ಗಾಳಿಪಟ, ದಾರ ನಮ್ಮ ಕೈಯಲ್ಲಿರುತ್ತೆ. ಗುರುತು ಪರಿಚಯ ಇಲ್ಲದ ಅಂಗಡಿಗೆ ಇಷ್ಟು ದೊಡ್ಡ ಮೊತ್ತ ಕೊಡೋಕೆ ಕ್ರೆಡಿಟ್ ಕಾರ್ಡೇ ಸರಿ. ಆದ್ರೆ ಅದು ಪಾಯಿಂಟಿಗಲ್ಲ, ಜಗಳಕ್ಕೆ.”

ಜಗಳದ ಹೆಸರು ಚಾರ್ಜ್‌ಬ್ಯಾಕ್. ಮಾಲು ಬರಲಿಲ್ಲ, ಹೇಳಿದ್ದು ಒಂದು ಬಂದದ್ದು ಇನ್ನೊಂದು, ಎರಡು ಸಲ ಎಳೆದರು, ವಾಪಸ್ ಕೊಡ್ತೀನಿ ಅಂದವರು ಕೊಡಲಿಲ್ಲ: ಇಂಥದ್ದಕ್ಕೆ ಬ್ಯಾಂಕಿನ ಮೂಲಕ ದುಡ್ಡು ಹಿಂದಕ್ಕೆ ಕೇಳಬಹುದು. ‘ಮನಸ್ಸು ಬದಲಾಯ್ತು’ ಅನ್ನೋದು ನಡೆಯಲ್ಲ. ಗಡುವು ಸಾಮಾನ್ಯವಾಗಿ 120 ದಿನ, ಕೆಲವಕ್ಕೆ ಕಮ್ಮಿ. ಅದಕ್ಕೇ ‘ಇನ್ನೆರಡು ವಾರ, ಇನ್ನೆರಡು ವಾರ’ ಅಂತ ಸಾಗಹಾಕೋ ಅಂಗಡಿಯವನ ಬಗ್ಗೆ ಹುಷಾರಾಗಿರಬೇಕು. ಪೆಟ್ಟಿಗೆ ಬಿಚ್ಚೋ ಮುಂಚೆ ನಾಲ್ಕೂ ಮಗ್ಗುಲಿನ ಫೋಟೋ, ಬಿಚ್ಚುವಾಗ ಇನ್ನೊಂದಷ್ಟು. ಮೊದಲು ಅಂಗಡಿಗೆ ದೂರು, ಅದೂ ಫೋನಲ್ಲಲ್ಲ, ಬರವಣಿಗೆಯಲ್ಲಿ. ಆರ್ಡರ್ ಪ್ರತಿ, ಟ್ರ್ಯಾಕಿಂಗ್ ನಂಬರ್, ಅವರ ಉತ್ತರ ಎಲ್ಲ ಜೋಡಿಸಿಟ್ಟು ಆಮೇಲೆ ಬ್ಯಾಂಕಿಗೆ ಹೋಗಬೇಕು.

“ಬ್ರಿಟನ್ನಿನಲ್ಲಿ ಇದಕ್ಕೆ ಕಾನೂನೇ ಇದೆ,” ಅಂದಳು ವಿಮಲಾ. “1974ರ ಕನ್ಸ್ಯೂಮರ್ ಕ್ರೆಡಿಟ್ ಆಕ್ಟು, 75ನೇ ಸೆಕ್ಷನ್. 100 ಪೌಂಡ್ ಮೀರಿದ, 30,000 ದಾಟದ ವಸ್ತುವಾದ್ರೆ ಸಾಲ ಕೊಟ್ಟ ಕಾರ್ಡಿನವರೂ ಅಂಗಡಿಯವರಷ್ಟೇ ಹೊಣೆ. ಹೊರದೇಶದ ಅಂಗಡಿಗೂ ಅದು ಅನ್ವಯಿಸುತ್ತೆ ಅಂತ 2007ರಲ್ಲಿ ಆಗ ಅಲ್ಲಿನ ಅತಿ ದೊಡ್ಡ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಡ್ತು.”

“ದುಡ್ಡು ವಾಪಸ್ ಬಂದ್ರೆ ಪೂರ್ತಿ ಬರುತ್ತಾ?”

“ಅಂಗಡಿಯೋನೇ ರಿಫಂಡ್ ಕೊಟ್ರೆ ಡಾಲರ್ ಪೂರ್ತಿ ಬರುತ್ತೆ. ನಮ್ಮ ದುಡ್ಡಲ್ಲಿ ವಾಪಸಾದ ದಿನದ ದರ. ಬ್ಯಾಂಕಿನ ಆ 3 ಬಂದ್ರೆ ಬಂತು.”

“ಪಾಯಿಂಟು?”

“ಅದನ್ನ ಮಾತ್ರ ಮರೆಯದೆ ಕಿತ್ಕೋತಾರೆ,” ಅಂದರು ಶೀನಣ್ಣ. ಐದು.

ಗೋಪಿ ಬಿಡಲಿಲ್ಲ. ಬಿಲ್ ಆದ ಮಾರನೇ ದಿನ ಕೊಂಡರೆ ದುಡ್ಡು ಕಟ್ಟೋಕೆ ಹೆಚ್ಚುಕಮ್ಮಿ ಐವತ್ತು ದಿನ ಬಡ್ಡಿಯಿಲ್ಲದ ಪುರುಸೊತ್ತು, ಅಷ್ಟರಲ್ಲಿ ಹೊಂದಿಸ್ತೀನಿ, ಆಗದಿದ್ದರೆ ಈ ತಿಂಗಳಿಗೆ ಇಷ್ಟಾದರೂ ಕಟ್ಟು ಅನ್ನೋ ‘ಮಿನಿಮಮ್ ಡ್ಯೂ’ ಇದ್ದೇ ಇದೆಯಲ್ಲ ಅಂದ. ಆ ಎರಡು ಪದ ಕೇಳಿದ್ದೇ ಶೀನಣ್ಣ ಕೂತಲ್ಲೇ ನೆಟ್ಟಗಾದರು.

“ತಿಂಗಳಿಗೆ ನೂರಕ್ಕೆ 3 ಬಡ್ಡಿ ಅಂತಿಟ್ಕೋ. ಸಾವಿರಕ್ಕೆ 30. ಮಿನಿಮಮ್ ನೂರಕ್ಕೆ 5, ಅಂದ್ರೆ 50. ನೀನು 50 ಕಟ್ಟಿ ಬೆವರು ಒರೆಸ್ಕೊಂಡೆ. ಬಡ್ಡಿಗೆ 30 ಹೋಯ್ತು, ಸಾಲ ಇಳಿದದ್ದು 20. ಅಸಲು 980. ಬಾಕಿ ಉಳಿಸ್ಕೊಂಡ ಮೇಲೆ ಆ ಐವತ್ತು ದಿನದ ಪುರುಸೊತ್ತೂ ಹೋಯ್ತು. ನಾಳೆ ಕೊಂಡ ಸಣ್ಣ ವಸ್ತುವಿಗೂ ನಾಳೆಯಿಂದಲೇ ಬಡ್ಡಿ. ಬಡ್ಡಿಗೆ ಪಾಯಿಂಟ್ ಕೊಡ್ತಾರಾ ಕೇಳು.”

“ಕೊಡಲ್ಲ,” ಅಂದಳು ವಿಮಲಾ.

“ನೋಡು, ಎಲ್ಲಿ ನಿಜವಾಗಿ ಬೆವರು ಸುರಿಸ್ತೀಯೋ ಅಲ್ಲೇ ಪಾಯಿಂಟಿಲ್ಲ.”

ಆರು. ಮಂಜನ ಅಂಗೈ ತುಂಬುತ್ತ ಬಂದಿತ್ತು.

ಯಾರೂ ನಗಲಿಲ್ಲ. ಶೀನಣ್ಣನೂ ದನಿ ಇಳಿಸಿದರು. “ಸಾಲ ಕೇಳೋಕೆ ಹೋದ್ರೆ ಹಿಂದೆಲ್ಲ ತಲೆ ತಗ್ಗಿಸ್ಬೇಕಿತ್ತು. ಈಗಲೂ ತಗ್ಗಿಸ್ತೀವಿ, ಫೋನ್ ನೋಡೋಕೆ. ಆಗ ಒಂದು ವಸ್ತು ಬೇಕು ಅಂದ್ರೆ ದುಡ್ಡು ಕೂಡಬೇಕು, ಕೂಡೋಷ್ಟರಲ್ಲಿ ವರ್ಷ ಆಗೋದು. ಅರ್ಧಕ್ಕರ್ಧ ಆಸೆಗಳು ದಾರಿಯಲ್ಲೇ ಸೋರಿಹೋಗ್ತಿದ್ವು. ಹಾಗೆ ಸೋರಿಹೋದದ್ದೇ ಜನರ ಉಳಿತಾಯ. ಸೋರದೆ ಉಳಿದ ಆಸೆ ಇರ್ತಿತ್ತಲ್ಲ, ಅದನ್ನ ಕೊಂಡು ತಂದ ದಿನ ಮನೆಮಂದಿಯೆಲ್ಲ ಮುಟ್ಟಿ ಮುಟ್ಟಿ ನೋಡೋರು.”

ಅಷ್ಟು ಹೊತ್ತಿಗೆ ಪಾವತಿಯ ಪುಟ ಕಾದು ಕಾದು ‘ಸಮಯ ಮೀರಿದೆ’ ಅಂದಿತು. ಗೋಪಿ ಫೋನನ್ನು ಬೋರಲು ಹಾಕಿದ.

“ಅಲ್ಲ ಗೋಪಿ,” ವಿಮಲಾ ಕೇಳಿದಳು, “ಅದರಲ್ಲಿ ಏನು ಕಾಣುತ್ತೋ?”

ಇಷ್ಟು ಹೊತ್ತಿನಿಂದ ಯಾರೂ ಕೇಳದ ಪ್ರಶ್ನೆ. ಗೋಪಿಯ ಮುಖವೇ ಬೇರೆಯಾಯಿತು. “ಶನಿಯ ಉಂಗುರ, ವಿಮಲಕ್ಕ! ಗಾಳಿ ಅಲ್ಲಾಡದ ರಾತ್ರಿ ಉಂಗುರದ ನಡುವಿನ ಕಪ್ಪು ಗೆರೆ ಕೂಡ. ಗುರುವಿನ ಪಟ್ಟೆಗಳು. ಚಂದ್ರನ ಗುಂಡಿಗಳ ಅಂಚಿನ ನೆರಳು. ಐದು ವರ್ಷದಿಂದ ಇದೊಂದನ್ನೇ ನೋಡ್ತಿದ್ದೀನಿ, ಬೆಲೆ ಪಟ್ಟೀಲಿ.”

ಶೀನಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಐದು ವರ್ಷ ಸೋರಿಲ್ಲ ಅಂದ್ಮೇಲೆ ತಗೋ. ಡಾಲರಲ್ಲೇ ಕಟ್ಟು. ಬಿಲ್ ಬಂದ ತಿಂಗಳೇ ಪೂರ್ತಿ ತೀರಿಸು. ಒಂದು ಸಲ ನಮಗೂ ತೋರಿಸ್ತೀಯ ತಾನೇ?”

“ಮಂಜ, ಶೀನಣ್ಣಂದು ಎಷ್ಟಾಯ್ತೋ?” ಗೋಪಿ ಕೇಳಿದ.

ಮಂಜ ಅಂಗೈಯನ್ನು ಬೆಳಕಿಗೆ ಹಿಡಿದು ಗೀಟು ಎಣಿಸಿದ. “ಆರು.”

“ಆರು ಸಲ ನೋಡಿ, ಶೀನಣ್ಣ.”