ಅಕ್ಕಮಹಾದೇವಿ ಬಗ್ಗೆ ಗ್ರಂಥಾಲಯದಲ್ಲಿ ಯಾವ ಪದ ಹಾಕಿ ಹುಡುಕಲಿ?

ಶಿರಸಿಯ ಓದುಗಿ:
ಎಂ.ಎ. ಕಿರುಪ್ರಬಂಧಕ್ಕೆ ‘ಅಕ್ಕಮಹಾದೇವಿಯ ವಚನಗಳಲ್ಲಿ ದೇಹದ ಪರಿಕಲ್ಪನೆ’ ಎಂಬ ವಿಷಯ ತೆಗೆದುಕೊಂಡಿದ್ದೇನೆ. ಇದನ್ನೇ ಗ್ರಂಥಾಲಯದ ಕೆಟಲಾಗಿನಲ್ಲಿ ಟೈಪ್ ಮಾಡಿದರೆ ಒಂದು ಪುಸ್ತಕವೂ ಬರುವುದಿಲ್ಲ. ಬರೀ ‘ವಚನ’ ಅಂದರೆ ಪುಟಗಟ್ಟಲೆ ಬರುತ್ತದೆ. ಹೇಗೆ ಹುಡುಕಬೇಕು?

ಕಪಾಟು 894:
ಕಾಲೇಜು ಗ್ರಂಥಾಲಯದಲ್ಲಿ ಕೆಲಸ ಮಾಡಿದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಮ್ಮ.

ಮೊದಲು ಪ್ರತ್ಯಯ ಕಳಚು. ‘ವಚನಗಳಲ್ಲಿ’ ಎಂದು ಕೇಳಿದರೆ ‘ವಚನಗಳು’ ಎಂದಿರುವ ಪುಸ್ತಕ ತಪ್ಪಿಹೋಗುತ್ತದೆ. ‘ವಚನ’ ಬರೆದು ಪಕ್ಕದಲ್ಲಿ ನಕ್ಷತ್ರ ಚಿಹ್ನೆ (*) ಹಾಕು, ಮುಂದೆ ಯಾವ ಪ್ರತ್ಯಯವಿದ್ದರೂ ಸಿಗುತ್ತದೆ; ಹೆಚ್ಚಿನ ಕೆಟಲಾಗುಗಳು ಇದನ್ನು ಒಪ್ಪುತ್ತವೆ. ಹೆಸರನ್ನು ಅಕ್ಕಮಹಾದೇವಿ, ಅಕ್ಕ ಮಹಾದೇವಿ, ಮಹಾದೇವಿಯಕ್ಕ ಎಂದು ಮೂರು ಬಗೆಯಲ್ಲೂ ಕೊಡು. ನಡುವೆ ‘ಆರ್’ (OR) ಇರಲಿ, ಮೂರರಲ್ಲಿ ಯಾವುದಿದ್ದರೂ ಬರುತ್ತದೆ. ಬೇರೆ ವಿಚಾರ ಸೇರಿಸುವಾಗ ಮಾತ್ರ ‘ಆ್ಯಂಡ್’ (AND), ಆಗ ಎರಡೂ ಇರುವುದಷ್ಟೇ ಬರುತ್ತದೆ.

ಮುಖ್ಯ ಮಾತು ಇನ್ನೊಂದಿದೆ. ‘ದೇಹ’ ಎನ್ನುವುದು ಇಂದಿನ ವಿಮರ್ಶಕರ ಮಾತು. ವಿಮರ್ಶೆ ಹುಡುಕುವಾಗ ಅದು ಸರಿ, ಜೊತೆಗೆ ‘ಸ್ತ್ರೀವಾದ’, ‘ಮಹಿಳಾ ಅಧ್ಯಯನ’ ಹಾಕು. ವಚನಗಳ ಒಳಗೆ ಹುಡುಕುವಾಗ ಅಕ್ಕನ ಮಾತೇ ಬೇಕು: ಕಾಯ, ತನು, ಅಂಗ, ಒಡಲು. ‘ವಚನ ಸಂಚಯ’ ಜಾಲತಾಣದಲ್ಲಿ ಒಂದೊಂದೇ ಪದ ಕೊಟ್ಟು ನೋಡು, ಅದು ಎಲ್ಲೆಲ್ಲಿ ಬಂದಿದೆಯೆಂದು ತೋರಿಸುತ್ತದೆ. ಕೆಟಲಾಗು ಬರೆಯುವವರ ಮಾತು ಮತ್ತೂ ಬೇರೆ: ವಚನ ಸಾಹಿತ್ಯ, ಶರಣ ಸಾಹಿತ್ಯ, ವೀರಶೈವ, ಲಿಂಗಾಯತ. ಮೂರು ಪಟ್ಟಿ ಬೇರೆ ಬೇರೆ ಬರೆದಿಟ್ಟುಕೋ.

ಶೀರ್ಷಿಕೆಯಲ್ಲಿ ಅಕ್ಕನ ಹೆಸರೇ ಇಲ್ಲದ ಪುಸ್ತಕಗಳೂ ಇವೆ. ಸರ್ಕಾರದ ಸಮಗ್ರ ವಚನ ಸಂಪುಟಗಳಲ್ಲಿ ಆಕೆಯ ವಚನಗಳಿರುವುದು ಐದನೆಯದಾದ ‘ಶಿವಶರಣೆಯರ ವಚನ ಸಂಪುಟ’ದಲ್ಲಿ.

ಸಂಜೆ ಪಾಠ:
ಪಿಎಚ್.ಡಿ. ಪ್ರಬಂಧಗಳು ಸಿಗುವ ‘ಶೋಧಗಂಗಾ’ ಜಾಲತಾಣ ಬಿಡಬೇಡಿ ಮೇಡಂ. ಅಲ್ಲಿ ಕನ್ನಡ ಪ್ರಬಂಧಗಳ ಶೀರ್ಷಿಕೆ ಎಷ್ಟೋ ಸಲ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ. ‘ವಚನ’ಕ್ಕೆ ಸಿಎಚ್ ಹಾಕಿಯೂ ನೋಡಿ, ಬರೀ ಸಿ ಹಾಕಿಯೂ ನೋಡಿ. ‘ವೀರಶೈವ’ದ್ದೂ ಇದೇ ಕಥೆ, ಎಸ್‌ಎಚ್ ಹಾಕಿಯೂ ನೋಡಿ, ಬರೀ ಎಸ್ ಹಾಕಿಯೂ ನೋಡಿ.

ಶಿರಸಿಯ ಓದುಗಿ:
ಹೆಸರು ಬದಲಿಸಿದ ಕೂಡಲೇ ಪುಸ್ತಕಗಳು ಬಂದವು, ತುಂಬಾ ಧನ್ಯವಾದ ಸರ್. ಇಂಗ್ಲಿಷಿನಲ್ಲಿ ಬಂದಿರುವುದಕ್ಕೆ?

ಕಪಾಟು 894:
ಅಲ್ಲೂ ಮಹಾದೇವಿಯಕ್ಕ ಮರೆಯಬೇಡ. ಎ.ಕೆ. ರಾಮಾನುಜನ್ 1973ರ ಅನುವಾದ ಸಂಕಲನದಲ್ಲಿ ಬಳಸಿದ್ದು ಆ ರೂಪವನ್ನೇ, ಅವರನ್ನು ಆಧರಿಸಿ ಬರೆದವರಲ್ಲೂ ಅದು ಸಿಗುತ್ತದೆ. ಒಂದು ಒಳ್ಳೆಯ ಪುಸ್ತಕ ಸಿಕ್ಕಿತೆಂದರೆ ಅದರ ದಾಖಲೆ ತೆರೆದು ‘ವಿಷಯ’ ಎಂದಿರುವ ಸಾಲು ಒತ್ತು, ಅದೇ ವಿಷಯದ ಉಳಿದವೂ ಬರುತ್ತವೆ. ಆಮೇಲೆ ಕಪಾಟಿಗೇ ಹೋಗು. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣ ಇರುವ ಕಡೆ ಕನ್ನಡ ಸಾಹಿತ್ಯ 894.814ರಲ್ಲಿ, ಕಾವ್ಯ 894.8141ರಲ್ಲಿ. ವಚನಗಳನ್ನು ಧರ್ಮದ ವಿಭಾಗದಲ್ಲಿ, 294.5ರಲ್ಲಿ ಇಟ್ಟಿರುವ ಗ್ರಂಥಾಲಯಗಳೂ ಇವೆ. ಎರಡೂ ಕಡೆ ನೋಡು.